ಬಟಾಟಿ ಪ್ಯಾಟೀಸ್: ತೂಗಿ, ಲೆಕ್ಕ ಹಾಕಿ, ಪೌಷ್ಟಿಕವಾಗಿ ಮಾಡುವ ವಿಧಾನ

ಮಳೆಗಾಲದ ಸಂಜೆ ಬೆಳಗಾವಿಯ ಓಣಿಗಳಲ್ಲಿ ನಡೆದು ಹೋಗುವಾಗ ಒಂದಲ್ಲ ಒಂದು ಮನೆಯಿಂದ ಬಟಾಟಿ ಪ್ಯಾಟೀಸಿನ ವಾಸನೆ ಬಂದೇ ಬರುತ್ತದೆ. ಬೇಕರಿಯಲ್ಲಿ ಸಿಗುವ ಪದರುಪದರಾದ ಪ್ಯಾಟೀಸಿನ ಮಾತು ಇಲ್ಲಿಲ್ಲ. ಕುದಿಸಿದ ಬಟಾಟಿಯನ್ನು ಹಿಸುಕಿ, ಹಸಿಮೆಣಸಿನಕಾಯಿ, ಶುಂಠಿ, ಕೊತ್ತಂಬರಿ ಸೇರಿಸಿ, ಅಂಗೈಯಲ್ಲಿ ಚಪ್ಪಟೆಯಾಗಿ ತಟ್ಟಿ ಹಂಚಿನ ಮೇಲೆ ಬೇಯಿಸುವ ಅಥವಾ ಎಣ್ಣೆಯಲ್ಲಿ ಕರಿಯುವ, ಕೆಲವರು ಆಲೂ ಟಿಕ್ಕಿ ಎನ್ನುವ, ಬಿಳಿ ಬಟಾಣಿ ಬೇಯಿಸಿ ಮಾಡುವ ರಗಡಾದೊಂದಿಗೆ ಬಡಿಸಿದರೆ ರಗಡಾ ಪ್ಯಾಟೀಸ್ ಆಗುವ ತಿನಿಸಿನ ಬಗ್ಗೆ ಹೇಳುತ್ತಿದ್ದೇನೆ.

ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದ ವಾರದಲ್ಲೇ ನಮ್ಮ ಮನೆಯಲ್ಲಿ ಪ್ಯಾಟೀಸ್ ಮಾಡುವುದು ನಿಂತುಹೋಯಿತು. "ಬಟಾಟಿ ತಿಂದ್ರ ಸಕ್ಕರಿ ಏರ್ತದ" ಎಂದು ಬಂದವರೆಲ್ಲ ಹೇಳಿದರು. ಅನ್ನದ ಪ್ರಮಾಣವನ್ನಾಗಲಿ, ಕರಿದ ಎಣ್ಣೆಯನ್ನಾಗಲಿ ಯಾರೂ ಕೇಳಲಿಲ್ಲ. ಇಷ್ಟಪಟ್ಟು ತಿನ್ನುವ ಒಂದು ಪದಾರ್ಥವನ್ನು ಹಿರಿಯರ ತಟ್ಟೆಯಿಂದ ತೆಗೆಯುವ ಮೊದಲು ಅದರಲ್ಲಿ ನಿಜವಾಗಿ ಏನಿದೆಯೆಂದು ತಿಳಿದುಕೊಳ್ಳಬೇಕು ಎಂದು ನನಗೆ ಅನಿಸಿತು. ಗ್ರಾಂ ತೋರಿಸುವ ಅಡುಗೆಮನೆಯ ಸಣ್ಣ ತಕ್ಕಡಿಯೊಂದನ್ನು ತಂದು ಪ್ರತಿಯೊಂದನ್ನೂ ತೂಗಿ ಬರೆದಿಡಲು ಆರಂಭಿಸಿದೆ. ಪ್ಯಾಟೀಸಿನ ಪೋಷಣೆಯನ್ನು ಹೆಚ್ಚಿಸುವುದೂ ಕೆಡಿಸುವುದೂ ಬಟಾಟಿಗಿಂತ ಹೆಚ್ಚಾಗಿ ಅದಕ್ಕೆ ಕೂಡಿಸುವ ಹಿಟ್ಟು, ಅದು ಹೀರುವ ಎಣ್ಣೆ ಮತ್ತು ತಟ್ಟೆಯಲ್ಲಿ ಅದರ ಜೊತೆಗೆ ಬರುವ ಪದಾರ್ಥಗಳು ಎಂಬುದು ಆ ತೂಕಗಳಿಂದಲೇ ನನಗೆ ಗೊತ್ತಾಯಿತು. ಅದೇ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಬಟಾಟಿಯ ಲೆಕ್ಕ

ಸಿಪ್ಪೆ ತೆಗೆದ 100 ಗ್ರಾಂ ಕುದಿಸಿದ ಬಟಾಟಿಯಲ್ಲಿ ಸುಮಾರು 80 ಕ್ಯಾಲರಿ ಶಕ್ತಿ, 17 ಗ್ರಾಂ ಶರ್ಕರಪಿಷ್ಟ, 2 ಗ್ರಾಂಗಿಂತ ತುಸು ಕಡಿಮೆ ಪ್ರೋಟೀನ್ ಮತ್ತು ಅಷ್ಟೇ ನಾರು ಇರುತ್ತವೆ. ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. (ನಾವು ರೂಢಿಯಲ್ಲಿ ಕ್ಯಾಲರಿ ಎನ್ನುವುದು ಕಿಲೋಕ್ಯಾಲರಿಯನ್ನೇ.) ಬಟಾಟಿಯಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀರೇ ಇರುವುದರಿಂದ, ತೂಕಕ್ಕೆ ತೂಕ ನೋಡಿದರೆ ಅದು ಬೇಯಿಸಿದ ಅನ್ನಕ್ಕಿಂತ ಹಗುರವೇ ಆಗಿದೆ. ಪೊಟ್ಯಾಶಿಯಂ ಇದರಲ್ಲಿ ಧಾರಾಳವಾಗಿದೆ. ವಿಟಮಿನ್ ಸಿ ಕೂಡ ಇದೆಯೆಂಬುದನ್ನು ನಮ್ಮಲ್ಲಿ ಬಹಳ ಜನ ಗಮನಿಸುವುದಿಲ್ಲ. 100 ಗ್ರಾಂ ಹಸಿ ಬಟಾಟಿಯಲ್ಲಿ ಅದು ಸುಮಾರು 20 ಮಿಲಿಗ್ರಾಂ ಇರುತ್ತದೆ, ಕುದಿಸಿದಾಗ ಒಂದಷ್ಟು ನಷ್ಟವಾಗುತ್ತದೆ.

ಈಗ ಸಾಮಾನ್ಯವಾಗಿ ಮಾಡುವ ಪ್ಯಾಟೀಸನ್ನು ತೆಗೆದುಕೊಳ್ಳೋಣ. ಕುದಿಸಿದ 500 ಗ್ರಾಂ ಬಟಾಟಿಗೆ ಗಟ್ಟಿ ಬರಲೆಂದು 50 ಗ್ರಾಂ ಕಾರ್ನ್‌ಫ್ಲೋರ್ ಹಾಕಿ ಹತ್ತು ಪ್ಯಾಟೀಸ್ ತಟ್ಟಿದರೆ ಒಂದೊಂದು ಸುಮಾರು 55 ಗ್ರಾಂ ತೂಗುತ್ತದೆ. ಬಟಾಟಿಯಿಂದ 400 ಕ್ಯಾಲರಿ, ಕಾರ್ನ್‌ಫ್ಲೋರ್‌ನಿಂದ 190 ಕ್ಯಾಲರಿ, ಒಟ್ಟು 590. ಅಂದರೆ ಎಣ್ಣೆ ತಾಗುವ ಮೊದಲು ಒಂದಕ್ಕೆ 59 ಕ್ಯಾಲರಿ ಆಯಿತು. ಇಲ್ಲಿ ಗಮನಿಸಬೇಕಾದದ್ದು ಪ್ರೋಟೀನ್. ಕಾರ್ನ್‌ಫ್ಲೋರ್ ಎಂಬುದು ಮೆಕ್ಕೆಜೋಳದಿಂದ ಬೇರ್ಪಡಿಸಿದ ಬರಿಯ ಪಿಷ್ಟವಾಗಿರುವುದರಿಂದ ಪ್ರೋಟೀನಿಗೆ ಅದರ ಕೊಡುಗೆ ಇಲ್ಲವೇ ಇಲ್ಲ ಎನ್ನಬಹುದು. ಹೀಗಾಗಿ ಒಂದು ಪ್ಯಾಟೀಸಿಗೆ ಸಿಗುವುದು ಒಂದು ಗ್ರಾಂನಷ್ಟು ಪ್ರೋಟೀನ್ ಮಾತ್ರ. ಒಟ್ಟು ಶಕ್ತಿಯಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಈ 50 ಗ್ರಾಂ ಪುಡಿಯಿಂದಲೇ ಬಂದಿದೆ. ಸಕ್ಕರೆ ಏರುತ್ತದೆ ಎಂದು ದೂರುವವರು ಮೊದಲು ಕೈ ಇಡಬೇಕಾದದ್ದು ಈ ಡಬ್ಬಿಯ ಮೇಲೆ.

ಬಟಾಟಿಯ ಆಯ್ಕೆ, ಕುದಿಸುವ ಕ್ರಮ

ಬೆಳಗಾವಿ ತಾಲ್ಲೂಕಿನಲ್ಲಿ ಮುಂಗಾರು ಮಳೆಯ ಮೇಲೆ ಬೆಳೆದ ಬಟಾಟಿ ಮಾರುಕಟ್ಟೆಗೆ ಬರುವಾಗ ಅದರ ಸಿಪ್ಪೆ ಉಗುರಿನಿಂದ ಕೆರೆದರೆ ಬರುವಷ್ಟು ತೆಳ್ಳಗಿರುತ್ತದೆ. ಉಳಿದ ತಿಂಗಳುಗಳಲ್ಲಿ ಇಂದೋರ್, ಆಗ್ರಾ ಕಡೆಯ ದಾಸ್ತಾನಿನ ಬಟಾಟಿಯೂ ಸಿಗುತ್ತದೆ. ಹೊಸ ಬಟಾಟಿಯಲ್ಲಿ ವಿಟಮಿನ್ ಸಿ ಹೆಚ್ಚು, ದಾಸ್ತಾನಿನಲ್ಲಿ ದಿನ ಕಳೆದಂತೆ ಅದು ಇಳಿಯುತ್ತದೆ. ಆದರೆ ಹೊಸದರಲ್ಲಿ ನೀರು ಹೆಚ್ಚಿರುವುದರಿಂದ ಪ್ಯಾಟೀಸಿಗೆ ಅದು ಬೇಗ ಗಟ್ಟಿ ಬರುವುದಿಲ್ಲ. ಪ್ಯಾಟೀಸಿಗೆ ನಾನು ಬಲಿತ, ಒಣ ಸಿಪ್ಪೆಯ ಬಟಾಟಿಯನ್ನೇ ಆರಿಸುತ್ತೇನೆ. ಹೊಸದನ್ನು ಪಲ್ಯಕ್ಕೆ ಇಟ್ಟುಕೊಳ್ಳುತ್ತೇನೆ.

ಸಿಪ್ಪೆಯ ಮೇಲೆ ಹಸಿರು ಬಣ್ಣ ಕಂಡರೆ ಅಥವಾ ಮೊಳಕೆ ಒಡೆದಿದ್ದರೆ ಆ ಭಾಗವನ್ನು ಆಳವಾಗಿ ಕತ್ತರಿಸಿ ತೆಗೆಯಬೇಕು, ಹಸಿರು ಹೆಚ್ಚಿದ್ದರೆ ಇಡೀ ಬಟಾಟಿಯನ್ನೇ ಬಿಸಾಡಬೇಕು. ಅಲ್ಲಿ ಸೇರಿಕೊಳ್ಳುವ ಸೊಲನಿನ್ ಎಂಬ ವಿಷಕಾರಿ ಅಂಶ ಕುದಿಸುವುದರಿಂದ ಹೋಗುವುದಿಲ್ಲ. ಹಸಿ ಬಟಾಟಿಯನ್ನು ಫ್ರಿಜ್ಜಿನಲ್ಲಿ ಇಡುವುದೂ ಬೇಡ. ತಂಪಿಗೆ ಅದರ ಪಿಷ್ಟದಲ್ಲಿ ಒಂದು ಭಾಗ ಸಕ್ಕರೆಯಾಗಿ ಬದಲಾಗಿ ಬಾಯಿಗೆ ಸಿಹಿ ತಾಗುತ್ತದೆ, ಪ್ಯಾಟೀಸ್ ಒಳಗೆ ಬಿಸಿಯಾಗುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಗಾಳಿಯಾಡುವ ಕತ್ತಲೆಯ ಮೂಲೆಯಲ್ಲಿ ಬುಟ್ಟಿಯಲ್ಲಿಟ್ಟರೆ ಸಾಕು.

ಕುದಿಸುವಾಗ ಸಿಪ್ಪೆ ತೆಗೆಯದೆ, ಕತ್ತರಿಸದೆ, ಇಡಿಯಾಗಿಯೇ ಕುದಿಸಬೇಕು. ವಿಟಮಿನ್ ಸಿ ಮತ್ತು ಪೊಟ್ಯಾಶಿಯಂ ಎರಡೂ ನೀರಿನಲ್ಲಿ ಕರಗುವಂಥವು. ಹೆಚ್ಚಿದ ಹೋಳುಗಳನ್ನು ಕುದಿಸಿ ನೀರು ಚೆಲ್ಲಿದರೆ ಅವುಗಳಲ್ಲಿ ಒಂದು ಭಾಗ ಮೋರಿಗೆ ಹೋಗುತ್ತದೆ. ಅಡುಗೆಯ ದೃಷ್ಟಿಯಿಂದಲೂ ಇದಕ್ಕೆ ಇನ್ನೊಂದು ಕಾರಣವಿದೆ. ಕುಕ್ಕರಿನಲ್ಲಿ ಸೀಟಿ ಹೆಚ್ಚಾಗಿ ಸಿಪ್ಪೆ ಬಿರಿದ ಬಟಾಟಿ ನೀರು ಕುಡಿಯುತ್ತದೆ, ನೀರು ಕುಡಿದ ಬಟಾಟಿ ಹಿಟ್ಟು ಬೇಡುತ್ತದೆ, ಹಿಟ್ಟು ಹೆಚ್ಚಾದಷ್ಟೂ ಪಿಷ್ಟ ಹೆಚ್ಚುತ್ತದೆ. ಅಂದರೆ ಪೋಷಣೆಯ ಲೆಕ್ಕ ಕುಕ್ಕರಿನಲ್ಲಿಯೇ ಕೆಡಲು ಆರಂಭವಾಗುತ್ತದೆ. ಸಮ ಗಾತ್ರದ ಬಟಾಟಿಗಳನ್ನು ಆರಿಸಿ, ಚಾಕುವಿನ ತುದಿ ನಡುವಿನವರೆಗೆ ಸಲೀಸಾಗಿ ಇಳಿಯುವಷ್ಟು ಮಾತ್ರ ಕುದಿಸಿ, ಕೂಡಲೇ ನೀರಿನಿಂದ ತೆಗೆದು ಜಾಲರಿ ಬುಟ್ಟಿಯಲ್ಲಿ ಹಬೆ ಆರಲು ಬಿಡಬೇಕು.

ಸಾಧ್ಯವಿದ್ದರೆ ಬಟಾಟಿಯನ್ನು ಹಿಂದಿನ ರಾತ್ರಿಯೇ ಕುದಿಸಿ, ಆರಿದ ಮೇಲೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮರುದಿನ ಬಳಸುವುದು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಒಳ್ಳೆಯ ಉಪಾಯ. ಬೆಂದ ಪಿಷ್ಟ ತಣ್ಣಗಾದಾಗ ಅದರ ಒಂದು ಪಾಲು ನಮ್ಮ ಸಣ್ಣ ಕರುಳಿನಲ್ಲಿ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ, ನಾರಿನಂತೆಯೇ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಉಪಯುಕ್ತ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ಮತ್ತೆ ಬಿಸಿ ಮಾಡಿದರೂ ಅದು ಪೂರ್ತಿಯಾಗಿ ಮೊದಲಿನಂತಾಗುವುದಿಲ್ಲ. ಇದರಿಂದ ರಕ್ತದ ಸಕ್ಕರೆ ಏರುವ ವೇಗ ಸ್ವಲ್ಪ ತಗ್ಗುತ್ತದೆ. ಸ್ವಲ್ಪ ಎಂಬುದನ್ನು ಒತ್ತಿ ಹೇಳುತ್ತೇನೆ, ಇದನ್ನೇ ನಂಬಿ ನಾಲ್ಕು ಪ್ಯಾಟೀಸ್ ತಿನ್ನಬಾರದು. ತಣ್ಣಗಿನ ಬಟಾಟಿಯನ್ನು ಕೈಯಿಂದ ಹಿಸುಕುವ ಬದಲು ತುರಿಯುವ ಮಣೆಯ ಮೇಲೆ ತುರಿದರೆ ಅಂಟು ಬಿಡದೆ ಉದುರುದುರಾಗಿ ಬರುತ್ತದೆ. ಹಿಟ್ಟಿನ ಅವಶ್ಯಕತೆ ಅರ್ಧಕ್ಕೆ ಇಳಿಯುವುದನ್ನು ನೀವೇ ನೋಡುತ್ತೀರಿ.

ಹಿಟ್ಟು ಬದಲಿಸಿದರೆ ಪ್ಯಾಟೀಸೇ ಬದಲಾಗುತ್ತದೆ

ಕಾರ್ನ್‌ಫ್ಲೋರ್, ಮೈದಾ, ಬ್ರೆಡ್ಡಿನ ಪುಡಿ ಇವೆಲ್ಲ ಮಾಡುವ ಕೆಲಸ ಒಂದೇ: ತೇವವನ್ನು ಹಿಡಿದಿಡುವುದು. ನಮ್ಮ ಕಡೆಯ ಪ್ರತಿ ಅಡುಗೆಮನೆಯಲ್ಲೂ ಇರುವ ಪುಟಾಣಿ (ಹುರಿಗಡಲೆ) ಆ ಕೆಲಸವನ್ನು ಅವುಗಳಿಗಿಂತ ಚೆನ್ನಾಗಿ ಮಾಡುತ್ತದೆ. ಪುಟಾಣಿಯಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಪ್ರೋಟೀನ್ ಇದೆ, ಮೊದಲೇ ಹುರಿದದ್ದಾದ್ದರಿಂದ ಹಸಿ ವಾಸನೆ ಬರುವುದಿಲ್ಲ. ಮಿಕ್ಸಿಯಲ್ಲಿ ನುಣ್ಣಗೆ ಮಾಡಿಟ್ಟುಕೊಂಡರೆ ಬೇಕೆಂದಾಗ ಒದಗುತ್ತದೆ. ಜೋಳದ ಹಿಟ್ಟನ್ನೂ ಬಳಸಬಹುದು, ಅದರಲ್ಲಿ ನಾರು ಚೆನ್ನಾಗಿದೆ. ಆದರೆ ಹಂಚಿನ ಮೇಲಿನ ಐದಾರು ನಿಮಿಷದಲ್ಲಿ ಪ್ಯಾಟೀಸಿನ ಒಳಗಿನ ಜೋಳದ ಹಿಟ್ಟು ಬೇಯುವುದಿಲ್ಲ, ಆದ್ದರಿಂದ ಮೊದಲು ಅದನ್ನು ಘಮ ಬರುವವರೆಗೆ ಹುರಿದುಕೊಳ್ಳುವುದು ಕಡ್ಡಾಯ.

ನಮ್ಮ ಮನೆಯಲ್ಲಿ ಈಗ ನೆಲೆ ನಿಂತಿರುವ ಅಳತೆ ಹೀಗಿದೆ. ಕುದಿಸಿ ತುರಿದ ಬಟಾಟಿ 400 ಗ್ರಾಂ, ಒಣಗಿದ್ದಾಗ 50 ಗ್ರಾಂ ತೂಗುವಷ್ಟು ಹೆಸರುಕಾಳನ್ನು ನೆನೆಸಿ ಮೊಳಕೆ ಬರಿಸಿದ್ದು, ಪುಟಾಣಿ ಪುಡಿ 40 ಗ್ರಾಂ, ಸಣ್ಣಗೆ ಹೆಚ್ಚಿದ ಮೆಂತ್ಯ ಸೊಪ್ಪು 50 ಗ್ರಾಂ. ಮೊಳಕೆಯನ್ನು ಐದಾರು ನಿಮಿಷ ಹಬೆಯಲ್ಲಿ ಬೇಯಿಸಿ, ನೀರು ಆರಿದ ಮೇಲೆ ಅರೆಬರೆ ಕುಟ್ಟಿಕೊಳ್ಳಬೇಕು. ಇಡಿ ಕಾಳು ಹಾಕಿದರೆ ಪ್ಯಾಟೀಸಿನ ಅಂಚು ಬಿರಿಯುತ್ತದೆ. ಹೆಸರಿನ ಬದಲು ಮಡಕಿ ಕಾಳು ಹಾಕಿದರೂ ಲೆಕ್ಕ ಹೆಚ್ಚು ಬದಲಾಗದು. ಹಸಿಮೆಣಸಿನಕಾಯಿ, ಶುಂಠಿ, ಜೀರಿಗೆ, ಅರಿಷಿಣ ನಿಮ್ಮ ರುಚಿಗೆ ಬಿಟ್ಟದ್ದು. ಉಪ್ಪನ್ನು ಮಾತ್ರ ಕೊನೆಯಲ್ಲಿ, ತಟ್ಟುವ ಹೊತ್ತಿಗೆ ಸೇರಿಸಿ. ಮೊದಲೇ ಹಾಕಿದರೆ ಮೆಂತ್ಯ ಸೊಪ್ಪು ನೀರು ಬಿಟ್ಟು ಕಲಸಿದ್ದೆಲ್ಲ ಸಡಿಲಾಗುತ್ತದೆ, ಮತ್ತೆ ಹಿಟ್ಟಿನ ಡಬ್ಬಿಗೆ ಕೈ ಹೋಗುತ್ತದೆ.

ಇದರಿಂದ ಸುಮಾರು 50 ಗ್ರಾಂ ತೂಗುವ ಹನ್ನೆರಡು ಪ್ಯಾಟೀಸ್ ಆಗುತ್ತವೆ. ಬಟಾಟಿಯಿಂದ 320, ಹೆಸರಿನಿಂದ 165, ಪುಟಾಣಿಯಿಂದ 150, ಸೊಪ್ಪಿನಿಂದ 20 ಎಂದು ಕೂಡಿಸಿದರೆ 655 ಕ್ಯಾಲರಿ, ಒಂದಕ್ಕೆ 55. ಪ್ರೋಟೀನ್ ಒಟ್ಟು 29 ಗ್ರಾಂ ಹತ್ತಿರ ಬರುತ್ತದೆ, ಅಂದರೆ ಒಂದಕ್ಕೆ ಎರಡೂವರೆ ಗ್ರಾಂ. ಶಕ್ತಿ ಹಳೆಯದರಷ್ಟೇ ಇದ್ದು ಪ್ರೋಟೀನ್ ಎರಡು ಪಟ್ಟಿಗಿಂತ ಹೆಚ್ಚಾಯಿತು. ಶರ್ಕರಪಿಷ್ಟ ಒಂದಕ್ಕೆ 13 ಗ್ರಾಂ ಇದ್ದದ್ದು ಸುಮಾರು 10 ಗ್ರಾಂಗೆ ಇಳಿಯಿತು, ಕಾಳು ಮತ್ತು ಪುಟಾಣಿಯಿಂದ ನಾರೂ ಸೇರಿತು. ಗಜ್ಜರಿ (ಕ್ಯಾರೆಟ್) ತುರಿದು ಹಾಕುವವರು ಅದನ್ನು ಹಿಂಡಿ ರಸ ಚೆಲ್ಲದೆ, ಅಷ್ಟು ಪ್ರಮಾಣದ ಬಟಾಟಿಯನ್ನು ಕಡಿಮೆ ಮಾಡುವುದು ಒಳ್ಳೆಯದು.

ಬೆಳಗಾವಿಯಲ್ಲಿ ಗೆಣಸು ಹೇರಳವಾಗಿ ಸಿಗುವುದರಿಂದ ಬಟಾಟಿಯ ಬದಲು ಅದನ್ನು ಬಳಸಬಹುದೇ ಎಂದು ಕೇಳುವವರಿದ್ದಾರೆ. ಬಳಸಬಹುದು, ರುಚಿಯೂ ಚೆನ್ನ. ಆದರೆ ಗೆಣಸಿನಲ್ಲಿ ಶಕ್ತಿಯೂ ಶರ್ಕರಪಿಷ್ಟವೂ ಬಟಾಟಿಗಿಂತ ಹೆಚ್ಚು. ಕಣ್ಣಿಗೆ ಒಳ್ಳೆಯದೆಂದು ಹೇಳುವ ಬೀಟಾ ಕ್ಯಾರೊಟಿನ್ ಕಿತ್ತಳೆ ಬಣ್ಣದ ತಿರುಳಿನ ಗೆಣಸಿನಲ್ಲಿ ಧಾರಾಳವಾಗಿರುತ್ತದೆ, ಬಿಳಿ ತಿರುಳಿನದರಲ್ಲಿ ಅಷ್ಟು ಇರುವುದಿಲ್ಲ.

ಎಣ್ಣೆಯನ್ನು ತೂಗುವುದು ಹೇಗೆ

ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲರಿ. ಶೇಂಗಾ ಎಣ್ಣೆಯಾಗಲಿ, ಕುಸುಬಿ ಎಣ್ಣೆಯಾಗಲಿ, ಗಾಣದಲ್ಲಿ ತೆಗೆದದ್ದಾಗಲಿ, ಕಾರ್ಖಾನೆಯದ್ದಾಗಲಿ, ಈ ಒಂದು ಲೆಕ್ಕದಲ್ಲಿ ಎಲ್ಲವೂ ಒಂದೇ. ಒಂದು ಚಹಾ ಚಮಚ ಎಣ್ಣೆ ಎಂದರೆ ಸುಮಾರು 40 ಕ್ಯಾಲರಿ. ಅಂದರೆ ಅರ್ಧ ಮಧ್ಯಮ ಗಾತ್ರದ ಬಟಾಟಿಗೆ ಸಮ.

ಪ್ಯಾಟೀಸ್ ಹೀರಿದ ಎಣ್ಣೆಯನ್ನು ಕಣ್ಣಳತೆಯಿಂದ ಹೇಳಲು ಯಾರಿಂದಲೂ ಆಗದು, ತೂಗಿದರೆ ಮಾತ್ರ ತಿಳಿಯುತ್ತದೆ. ಒಲೆಗೆ ಇಡುವ ಮೊದಲು ಎಣ್ಣೆ ಹಾಕಿದ ಕಡಾಯಿಯನ್ನು ತೂಗಿ ಬರೆದುಕೊಳ್ಳಿ. ಕರಿದ ನಂತರ ಕಡಾಯಿ ಪೂರ್ತಿ ತಣ್ಣಗಾಗುವವರೆಗೆ ಕಾದು ಮತ್ತೆ ತೂಗಿ. ಬಿಸಿ ಎಣ್ಣೆಯನ್ನು ಎತ್ತಾಡುವ ಸಾಹಸ ಬೇಡವೇ ಬೇಡ. ಪ್ಯಾಟೀಸ್ ಇಟ್ಟಿದ್ದ ಕಾಗದವನ್ನು ಮೊದಲೂ ಆಮೇಲೂ ತೂಗಿ, ಅದು ಹೀರಿದಷ್ಟನ್ನು ಕಳೆಯಿರಿ. ಉದಾಹರಣೆಗೆ, ಕಡಾಯಿ ಮೊದಲು 1240 ಗ್ರಾಂ, ನಂತರ 1180 ಗ್ರಾಂ, ಕಾಗದ ಹೀರಿದ್ದು 8 ಗ್ರಾಂ ಎಂದಿಟ್ಟುಕೊಂಡರೆ ಹತ್ತು ಪ್ಯಾಟೀಸುಗಳು 52 ಗ್ರಾಂ ಎಣ್ಣೆ ಕುಡಿದಿವೆ. ಒಂದಕ್ಕೆ 47 ಕ್ಯಾಲರಿ ಎಣ್ಣೆಯಿಂದಲೇ ಸೇರಿ, ಮೊದಲು ಹೇಳಿದ 59 ಕ್ಯಾಲರಿಯ ಪ್ಯಾಟೀಸು 106ಕ್ಕೆ ಏರುತ್ತದೆ. ಅದೇ ನಮ್ಮ ಮನೆಯ ಅಳತೆಯ, 55 ಕ್ಯಾಲರಿಯ ಹನ್ನೆರಡು ಪ್ಯಾಟೀಸುಗಳನ್ನು ಹಂಚಿನ ಮೇಲೆ 24 ಗ್ರಾಂ ಎಣ್ಣೆಯಲ್ಲಿ ಬೇಯಿಸಿದರೆ ಒಂದಕ್ಕೆ 18 ಕ್ಯಾಲರಿ ಮಾತ್ರ ಸೇರುತ್ತದೆ, ಒಟ್ಟು 73 ಆಗುತ್ತದೆ. ಬಾಟಲಿಯಿಂದ ಸುರಿಯದೆ, ಈ 24 ಗ್ರಾಂ ಎಣ್ಣೆಯನ್ನು ಬಟ್ಟಲಲ್ಲಿ ಮೊದಲೇ ಅಳೆದಿಟ್ಟುಕೊಂಡು ಅಷ್ಟರಲ್ಲೇ ಮುಗಿಸುವುದು ನನ್ನ ರೂಢಿ.

ಹಂಚಿನ ಮೇಲೆ ಬೇಯಿಸುವಾಗ ಅವಸರ ಸಲ್ಲದು. ಹಂಚು ಚೆನ್ನಾಗಿ ಕಾದ ಮೇಲೆ ಉರಿಯನ್ನು ಮಧ್ಯಮಕ್ಕೆ ತಂದು, ಎಣ್ಣೆ ಸವರಿ ಪ್ಯಾಟೀಸ್ ಇಡಬೇಕು. ಮೊದಲು ಅಂಚಿನ ಸುತ್ತ ಸಣ್ಣ ಸಣ್ಣ ಗುಳ್ಳೆಗಳು ಚುಯ್ಯೆಂದು ಏಳುತ್ತವೆ; ಅದು ಒಳಗಿನ ನೀರು ಹಬೆಯಾಗಿ ಹೊರಬರುವ ಸದ್ದು. ಆ ಸದ್ದು ಮೆತ್ತಗಾಗುವವರೆಗೆ ಪ್ಯಾಟೀಸನ್ನು ಮುಟ್ಟಬೇಡಿ. ಮುಂಚೆಯೇ ಮಗುಚಲು ಹೋದರೆ ಹೊರಗಿನ ಪದರು ಹಂಚಿಗೆ ಅಂಟಿಕೊಂಡು ಕಿತ್ತುಬರುತ್ತದೆ, ಬಿಡಿಸಲೆಂದು ಮತ್ತೆ ಎಣ್ಣೆ ಸುರಿಯುತ್ತೇವೆ. ಸದ್ದು ಅಡಗಿದ ಮೇಲೆ ಮಗುಚುವ ಸಟ್ಟುಗವನ್ನು ಅಡಿಗೆ ತೂರಿಸಿದರೆ ಪ್ಯಾಟೀಸು ತಾನಾಗಿಯೇ ಜಾರಿಕೊಂಡು ಬರುತ್ತದೆ. ಬಣ್ಣ ಹೊಂಬಣ್ಣವಾಗಿರಲಿ, ಕಂದು ಕಪ್ಪಾಗುವುದು ಬೇಡ: ಪಿಷ್ಟದ ಪದಾರ್ಥಗಳನ್ನು 120 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣತೆಯಲ್ಲಿ ಕರಿದಾಗ, ಹುರಿದಾಗ ಅಕ್ರಿಲಮೈಡ್ ಎಂಬ ಅಪೇಕ್ಷಣೀಯವಲ್ಲದ ರಾಸಾಯನಿಕ ಉಂಟಾಗುತ್ತದೆಂದು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ತೋರಿಸಿಕೊಟ್ಟರು. ಬಣ್ಣ ಗಾಢವಾದಷ್ಟೂ ಅದರ ಪ್ರಮಾಣ ಹೆಚ್ಚು, ಬರಿಯ ಕುದಿಸುವಿಕೆಯಲ್ಲಿ ಅದು ಉಂಟಾಗುವುದಿಲ್ಲ.

ಹಬ್ಬಕ್ಕೋ ಅತಿಥಿಗಳು ಬಂದಾಗಲೋ ಕರಿಯಲೇಬೇಕಾದರೆ ಎಣ್ಣೆ 170ರಿಂದ 180 ಡಿಗ್ರಿಯಷ್ಟು ಕಾದಿರಲಿ. ಚಿಟಿಕೆ ಹಿಟ್ಟು ಹಾಕಿದರೆ ಮುಳುಗಿ ಕೂಡಲೇ ಮೇಲೆ ಬರಬೇಕು. ಒಮ್ಮೆಗೇ ಹೆಚ್ಚು ಪ್ಯಾಟೀಸ್ ಹಾಕಿದರೆ ಎಣ್ಣೆ ತಣ್ಣಗಾಗಿ ಅವು ಅದರಲ್ಲಿ ನೆನೆಯುತ್ತವೆ. ಇನ್ನೊಂದು ವಿಷಯ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಕರಿಯುತ್ತಿರುವಾಗ ಹಬೆ ಹೊರಕ್ಕೆ ನುಗ್ಗುತ್ತಿರುವುದರಿಂದ ಎಣ್ಣೆ ಒಳಹೋಗುವುದು ಕಡಿಮೆ. ಹೊರತೆಗೆದು ಆರುವಾಗ ಒಳಗಿನ ಹಬೆ ಕುಗ್ಗಿ, ಮೇಲ್ಮೈಗೆ ಅಂಟಿದ್ದ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆದ್ದರಿಂದ ತೆಗೆದ ತಕ್ಷಣ ಝಾರಿಯಲ್ಲೇ ಜಾಡಿಸಿ, ಜಾಲರಿಯ ಮೇಲೆ ನೆಟ್ಟಗೆ ನಿಲ್ಲಿಸಿ ಎಣ್ಣೆ ಇಳಿಸಬೇಕು, ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಬಾರದು. ಅಚ್ಚಾದ ಸುದ್ದಿಪತ್ರಿಕೆಯ ಮೇಲೆ ಇಡಲೇಬೇಡಿ, ಅದರ ಮಸಿ ಆಹಾರಕ್ಕೆ ಇಳಿಯುತ್ತದೆ. ಕರಿದು ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದೂ ಬೇಡ.

ಹಾಗೆಂದು ಎಣ್ಣೆಯೇ ಇಲ್ಲದಂತೆ ಮಾಡಬೇಕೆಂದೂ ನಾನು ಹೇಳುವುದಿಲ್ಲ. ಮೆಂತ್ಯ, ಗಜ್ಜರಿಗಳಲ್ಲಿರುವ ಬೀಟಾ ಕ್ಯಾರೊಟಿನ್ ಮೈಗೆ ಹತ್ತಬೇಕಾದರೆ ಸ್ವಲ್ಪ ಕೊಬ್ಬು ಬೇಕೇ ಬೇಕು.

ತಟ್ಟೆಯಲ್ಲಿ ಏನಿರಬೇಕು

ರಗಡಾಕ್ಕೆ ಬಳಸುವ ಒಣ ಬಿಳಿ ಬಟಾಣಿಯಲ್ಲಿ ಐದನೇ ಒಂದು ಭಾಗದಷ್ಟು ಪ್ರೋಟೀನ್ ಇದೆ, ನಾರೂ ಚೆನ್ನಾಗಿದೆ. ಆದ್ದರಿಂದ ಎರಡು ಪ್ಯಾಟೀಸಿನ ಮೇಲೆ ಒಂದು ಸೌಟು ರಗಡಾ ಹಾಕುವುದು ಪೋಷಣೆಗೆ ಲಾಭವೇ. ಹಾನಿ ಮಾಡುವುದು ಅದರ ಮೇಲೆ ಸುರಿಯುವ ಸಿಹಿ ಚಟ್ನಿಯ ಬೆಲ್ಲ ಮತ್ತು ಮುಷ್ಟಿಗಟ್ಟಲೆ ಸೇವು. ಸೇವಿನ ಬದಲು ಹೆಚ್ಚಿದ ಉಳ್ಳಾಗಡ್ಡಿ, ಸಿಹಿ ಚಟ್ನಿಯ ಬದಲು ಮೊಸರಿನಲ್ಲಿ ಕಲಸಿದ ಗುರೆಳ್ಳು ಹಿಂಡಿ (ಚಟ್ನಿ ಪುಡಿ) ಅಥವಾ ಅಗಸಿ ಹಿಂಡಿ ಇಟ್ಟು ನೋಡಿ. ತಿನ್ನುವ ಹೊತ್ತಿಗೆ ಮೇಲೆ ಲಿಂಬೆ ಹಿಂಡಬೇಕು, ಬೇಯಿಸುವಾಗ ಅಲ್ಲ. ವಿಟಮಿನ್ ಸಿ ಬಿಸಿಗೆ ನಷ್ಟವಾಗುತ್ತದೆ, ಸೊಪ್ಪು ಮತ್ತು ಕಾಳಿನಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಿಸಲು ಅದೇ ನೆರವಾಗುತ್ತದೆ. ನಮ್ಮ ಕಡೆ ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬೆಗೆ ಕೊರತೆಯೇನಿಲ್ಲ.

ಉಪ್ಪಿನ ಲೆಕ್ಕವನ್ನೂ ಇಡಬೇಕು. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ಯಾಟೀಸಿಗೆ, ರಗಡಾಕ್ಕೆ, ಚಟ್ನಿಗೆ ಮೂರಕ್ಕೂ ಪೂರ್ತಿ ಉಪ್ಪು ಹಾಕಿದರೆ ಒಂದೇ ತಟ್ಟೆಯಲ್ಲಿ ಅದರ ದೊಡ್ಡ ಪಾಲು ಮುಗಿಯುತ್ತದೆ. ಮೂರರಲ್ಲಿ ಒಂದಕ್ಕಾದರೂ ಉಪ್ಪನ್ನು ಬಿಡಬಹುದು.

ಸಕ್ಕರೆ ಕಾಯಿಲೆ ಇರುವವರು ವೈದ್ಯರು ಹೇಳಿದ ಮಿತಿಯೊಳಗೆ, ಪ್ಯಾಟೀಸನ್ನು ಊಟದ ಜೊತೆಗೆ ಹೆಚ್ಚುವರಿಯಾಗಿ ತಿನ್ನದೆ ಊಟದ ಒಂದು ಭಾಗದ ಬದಲಿಗೆ ತಿನ್ನಬೇಕು. ಎರಡು ಕಾಳಿನ ಪ್ಯಾಟೀಸಿನಲ್ಲಿ ಸುಮಾರು 20 ಗ್ರಾಂ ಶರ್ಕರಪಿಷ್ಟವಿದ್ದರೆ, 45 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ 30 ಗ್ರಾಂ ಹತ್ತಿರ ಇರುತ್ತದೆ. ನಮ್ಮ ಅತ್ತೆಯವರು ಪ್ಯಾಟೀಸ್ ಮಾಡಿದ ಸಂಜೆ ಎರಡನ್ನು ನಿಧಾನವಾಗಿ ತಿಂದು, ಆ ರಾತ್ರಿ ಒಂದು ರೊಟ್ಟಿಯನ್ನು ತಾವಾಗಿಯೇ ಬಿಡುತ್ತಾರೆ. ಮೂತ್ರಪಿಂಡದ ತೊಂದರೆ ಇರುವವರ ವಿಷಯ ಬೇರೆ. ಪೊಟ್ಯಾಶಿಯಂ ಕಡಿಮೆ ಮಾಡಲು ವೈದ್ಯರು ಹೇಳಿದ್ದರೆ, ಮೇಲೆ ಹೇಳಿದ್ದಕ್ಕೆ ವಿರುದ್ಧವಾಗಿ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಕುದಿಸಿ ಆ ನೀರನ್ನು ಚೆಲ್ಲಬೇಕು. ಆಗಲೂ ಎಷ್ಟು ತಿನ್ನಬಹುದೆಂದು ಅವರನ್ನೇ ಕೇಳಬೇಕು, ಕಾಳಿನ ವಿಷಯವನ್ನೂ ಕೇಳಬೇಕು.

ಏಕಾದಶಿಯ ಉಪವಾಸಕ್ಕೆ ಮಾಡುವ ಪ್ಯಾಟೀಸಿನಲ್ಲಿ ಕಾಳು, ಪುಟಾಣಿ ಸಲ್ಲುವುದಿಲ್ಲ. ಆಗ ಹೆಚ್ಚಿನವರು ಸಾಬೂದಾಣಿಯನ್ನು ಸೇರಿಸುತ್ತಾರೆ; ಅದು ಬಹುತೇಕ ಬರಿಯ ಪಿಷ್ಟವೇ. ಅದರ ಬದಲು ರಾಜಗಿರಿ ಹಿಟ್ಟು ಮತ್ತು ಹುರಿದ ಶೇಂಗಾದ ಪುಡಿ ಬಳಸಿದರೆ ಉಪವಾಸವೂ ಕೆಡುವುದಿಲ್ಲ, ದಿನವಿಡೀ ಹಸಿದಿರುವವರಿಗೆ ಪ್ರೋಟೀನೂ ಸಿಗುತ್ತದೆ. ಶೇಂಗಾದಲ್ಲಿ ಎಣ್ಣೆಯಂಶ ಬಹಳವಿರುವುದರಿಂದ 400 ಗ್ರಾಂ ಬಟಾಟಿಗೆ 30 ಗ್ರಾಂ ಪುಡಿ ಮೀರದಿರಲಿ.

ಮಕ್ಕಳ ಶಾಲೆಯ ಡಬ್ಬಿಗೆ ಕಳಿಸುವವರು ರಾತ್ರಿಯೇ ಪ್ಯಾಟೀಸ್ ತಟ್ಟಿ, ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ಜೋಡಿಸಿ, ಮುಚ್ಚಿ ಫ್ರಿಜ್ಜಿನಲ್ಲಿಡಬಹುದು. ಕಲಸಿದ ಬಟಾಟಿಯನ್ನು ಹೊರಗೆ ಎರಡು ತಾಸಿಗಿಂತ ಹೆಚ್ಚು ಬಿಡಬಾರದು. ಉಪ್ಪು ಬಿದ್ದ ಮೇಲೆ ಸೊಪ್ಪು ನೀರು ಬಿಡುವುದರಿಂದ ಇಂಥ ದಿನ ಸೊಪ್ಪಿನ ಬದಲು ಗಜ್ಜರಿ ಹಾಕುವುದು ಲೇಸು. ಬೆಳಿಗ್ಗೆ ತಣ್ಣಗಿದ್ದಾಗಲೇ ನೇರವಾಗಿ ಕಾದ ಹಂಚಿಗೆ ಹಾಕಿದರೆ ಅವು ಒಡೆಯುವುದಿಲ್ಲ, ಎಣ್ಣೆಯೂ ಕಡಿಮೆ ಹಿಡಿಯುತ್ತದೆ. ಡಬ್ಬಿಯ ಮುಚ್ಚಳವನ್ನು ಹಬೆ ಆರಿದ ಮೇಲೆಯೇ ಹಾಕಿ.